ಹಳೆಯ ಹಲ್ಲಿನ ರೀಡು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಕಪಾಟು ಒರೆಸುತ್ತಿದ್ದವಳು ನನ್ನ ಹಳೆಯ ಕನ್ನಡಕದ ಪೆಟ್ಟಿಗೆಯನ್ನು ತೆರೆದು, ಒಳಗಿದ್ದ ಒಂದು ಚಪ್ಪಟೆ ಕಡ್ಡಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. “ಏನ್ರೀ ಇದು? ಕುಲ್ಫಿ ಕಡ್ಡೀನೆಲ್ಲ ಜೋಪಾನ ಮಾಡಿಟ್ಟಿದೀರಲ್ಲ! ಎಸೀಲಾ?” ಎಂದಳು. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಪುಟ್ಟ ಫ್ಲಾಟಿನಲ್ಲಿ ವಸ್ತುಗಳಿಗೆ ಎರಡೇ ಗತಿ. ಒಂದೋ ಉಪಯೋಗಕ್ಕೆ ಬರಬೇಕು, ಇಲ್ಲವೇ ಹೊರಗೆ ನಡೆಯಬೇಕು. ಈ ನಿಯಮವನ್ನು ಅವಳು ನನಗೂ ಅನ್ವಯಿಸುತ್ತಾಳೋ ಎಂಬ ಅನುಮಾನ ನನಗೆ ಆಗಾಗ ಬರುವುದುಂಟು.

ಕಡ್ಡಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮೂಸಿ ನೋಡಿದೆ. ಲವಂಗದೆಣ್ಣೆಯ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ನೀವು ಮೂಗು ಮುರಿಯಬೇಡಿ. ಅದು ಕುಲ್ಫಿಯದ್ದಲ್ಲ, ಸ್ಯಾಕ್ಸೊಫೋನಿನ ರೀಡು. ಒಂದು ಬಗೆಯ ಜೊಂಡನ್ನು ಸೀಳಿ, ಅದರ ತುದಿಯನ್ನು ಉಗುರಿಗಿಂತ ತೆಳ್ಳಗೆ ಹೆರೆದು ಮಾಡುತ್ತಾರೆ. ವಾದ್ಯದ ಬಾಯಿಗೆ ಕಟ್ಟಿ ಊದಿದರೆ ಅದು ನಡುಗುತ್ತದೆ, ಅಷ್ಟು ದೊಡ್ಡ ಹಿತ್ತಾಳೆಯ ವಾದ್ಯ ಮಾತಾಡುವುದು ಈ ಕಡ್ಡಿಯ ದಯೆಯಿಂದ. ಒಣಗಿದ್ದರೆ ಕೀಚಲು ದನಿ ತೆಗೆಯುತ್ತದೆ. ಆದ್ದರಿಂದ ಊದುವವರು ಮೊದಲು ಅದನ್ನು ಬಾಯಲ್ಲಿ ಇಟ್ಟುಕೊಂಡು ನೆನೆಸುತ್ತಾರೆ. ಈ ನೆನೆಸುವ ಪದ್ಧತಿಯಿಂದ ನಾನು ಪಟ್ಟ ಪಾಡನ್ನು ನಿಮಗೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಕನ್ನಡ ಸಂಘದವರು ಸ್ಮರಣ ಸಂಚಿಕೆ ತರಲು ಹೊರಟರು. ಅದರಲ್ಲಿ ಇಲ್ಲಿನ ಕನ್ನಡಿಗ ಕಲಾವಿದರ ಸಂದರ್ಶನಗಳಿರಬೇಕೆಂದು ತೀರ್ಮಾನವಾಯಿತು. ಯಕ್ಷಗಾನದವರನ್ನು ಒಬ್ಬರು ಹಿಡಿದರು, ಭರತನಾಟ್ಯದವರನ್ನು ಇನ್ನೊಬ್ಬರು ಹಿಡಿದರು. ಸಭೆಗೆ ತಡವಾಗಿ ಹೋದ ನನ್ನ ಪಾಲಿಗೆ ಉಳಿದದ್ದು ಜಾಜ್. ಕಲ್ಯಾಣದಲ್ಲಿ ಮಂಗಳೂರು ಕಡೆಯ ಒಬ್ಬ ಹಿರಿಯ ಸ್ಯಾಕ್ಸೊಫೋನ್ ವಾದಕರಿದ್ದಾರಂತೆ, ಒಂದು ಕಾಲದಲ್ಲಿ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಊದಿದವರಂತೆ ಎಂದು ವಿಳಾಸ ಕೊಟ್ಟರು. ಜಾಜ್ ಬಗ್ಗೆ ನನಗಿದ್ದ ತಿಳಿವಳಿಕೆ ಆಫೀಸಿನ ಲಿಫ್ಟಿನಲ್ಲಿ ಕೇಳಿಸುವಷ್ಟು. ಆದರೆ ನನ್ನ ಕಸುಬು ಲೆಕ್ಕಪರಿಶೋಧನೆ. ಬೇಲಾಪುರದ ಒಂದು ಕಂಪನಿಯಲ್ಲಿ ಕೂತು, ಜನರಿಗೆ ಇಷ್ಟವಿಲ್ಲದ ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಮತ್ತೆ ಮತ್ತೆ ಕೇಳುವುದಕ್ಕೆ ನನಗೆ ಸಂಬಳ. ಸಂದರ್ಶನವೆಂದರೆ ಇದೇ ತಾನೆ ಎಂದುಕೊಂಡು ಒಪ್ಪಿಬಿಟ್ಟೆ.

ಆ ವಾದಕರ ಹೆಸರು ಗ್ರೆಗರಿ. ಅವರ ಮನೆ ಕಲ್ಯಾಣ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋಗುವ ದೂರದಲ್ಲಿ, ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಇಣುಕಿದರೆ ಬಿಳಿ ಬನಿಯನ್ನಿನ ಒಬ್ಬ ಮುದುಕರು ಕಬ್ಬಿಣದ ಕಪಾಟಿನ ಎರಡೂ ಬಾಗಿಲು ತೆರೆದು, ಅದರೊಳಗೆ ತಲೆ ತೂರಿಸಿಕೊಂಡು ನಿಂತಿದ್ದರು. ಕಪಾಟಿನ ಒಳಗಿಂದ ಯಾರೋ ಹೊದಿಕೆ ಹೊದ್ದುಕೊಂಡು ಹಾಡುತ್ತಿರುವಂಥ ಸದ್ದು ಬರುತ್ತಿತ್ತು. ನಾನು ಕೆಮ್ಮಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಕೆಮ್ಮಿದ ಮೇಲೆ ಸೀರೆಗಳ ನಡುವಿನಿಂದ ಒಂದು ಮುಖ, ಅದರ ಹಿಂದೆ ಒಂದು ಸ್ಯಾಕ್ಸೊಫೋನು ಹೊರಗೆ ಬಂದವು.

“ಬನ್ನಿ ಸಾರ್, ಕೂತುಕೊಳ್ಳಿ. ಎಂತ ಮಾಡುದು, ಗೋಡೆ ತೆಳು. ಹೊರಗೆ ಊದಿದ್ರೆ ಪಕ್ಕದ ಮನೆಯವ ಬಾಗಿಲು ಬಡಿತಾನೆ,” ಎಂದರು. ಆಮೇಲೆ ಸಂಕೋಚವಿಲ್ಲದೆ ವಿವರಿಸಿದರು. ಕಪಾಟಿನೊಳಗೆ ಊದುವುದು ಈ ಕಸುಬಿನವರ ಹಳೆಯ ಅಭ್ಯಾಸ, ಬಟ್ಟೆ ಸದ್ದನ್ನು ಕುಡಿದುಬಿಡುತ್ತದೆ. ಅದರಲ್ಲೂ ಹತ್ತಿಯ ಸೀರೆ ಒಳ್ಳೆಯದು, ನೈಲಾನು ಪ್ರಯೋಜನವಿಲ್ಲ. ಸೀರೆಗಳು ತೀರಿಹೋದ ಅವರ ಹೆಂಡತಿಯವು. “ಅವಳು ಹೋದ ಮೇಲೆ ಎಲ್ಲರೂ ಹೇಳಿದ್ರು, ಸೀರೆ ಯಾರಿಗಾದ್ರೂ ಕೊಟ್ಟುಬಿಡಿ ಅಂತ. ಕೊಟ್ರೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕಾಗ್ತದೆ ಮಾರಾಯ್ರೆ.” ಇದನ್ನು ನಗುತ್ತಾ ಹೇಳಿದರು. ನಾನೂ ನಕ್ಕೆ. ರಿಕ್ಷಾದಲ್ಲಿ ಹಿಂತಿರುಗುವಾಗ ಆ ಮಾತು ನಗುವುದಕ್ಕಷ್ಟೇ ಅಲ್ಲವೆಂದು ಅನಿಸಿತು.

ಸಂದರ್ಶನ ಚೆನ್ನಾಗಿಯೇ ಶುರುವಾಯಿತು. ಊರಿನ ಇಗರ್ಜಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದ್ದು, ಚಿಕ್ಕಪ್ಪನ ಹಿಂದೆ ಮುಂಬಯಿಗೆ ಬಂದದ್ದು, ದೊಡ್ಡ ಹೋಟೆಲಿನಲ್ಲಿ ಕಪ್ಪು ಕೋಟು ಹಾಕಿಕೊಂಡು ಸಾಹೇಬರ ಕುಣಿತಕ್ಕೆ ನುಡಿಸಿದ್ದು ಎಲ್ಲ ಬಂತು. ಹೋಟೆಲುಗಳಲ್ಲಿ ಬ್ಯಾಂಡು ನಿಂತ ಮೇಲೆ ಸಿನಿಮಾ ರೆಕಾರ್ಡಿಂಗು, ಅಲ್ಲಿಯೂ ಕೀಬೋರ್ಡು ಬಂದ ಮೇಲೆ ಮದುವೆಯ ಮೆರವಣಿಗೆ. ಕೆಂಪು ಕೋಟು, ಜರಿಯ ಟೋಪಿ ತೊಟ್ಟು ಇದೇ ಕಲ್ಯಾಣದ ಬೀದಿಗಳಲ್ಲಿ ಕುದುರೆಯ ಹಿಂದೆ ನಡೆದಿದ್ದಾರೆ. “ಬೇಸರ ಆಗ್ಲಿಲ್ವಾ?” ಎಂದೆ. “ಕುದುರೆಗೆ ಆಗಿರ್ಬಹುದು. ನಾನು ಮಧ್ಯದಲ್ಲಿ ಸ್ವಲ್ಪ ಜಾಜ್ ಸೇರಿಸಿಬಿಡ್ತಿದ್ದೆ. ಕುಣಿಯುವವರಿಗೆ ಎಂತ ಗೊತ್ತಾಗ್ತದೆ?” ಎಂದರು. ಹೀಗೆ ವೃತ್ತಿಯ ಬಗ್ಗೆ ಎಷ್ಟು ಕೇಳಿದರೂ ಧಾರಾಳವಾಗಿ ಹೇಳುತ್ತಿದ್ದ ಮನುಷ್ಯ, ನಾನು “ನಿಮಗೆ ಸ್ಫೂರ್ತಿ ಏನು, ಇಷ್ಟು ವರ್ಷ ಯಾಕೆ ಬಿಡದೆ ಊದಿದಿರಿ?” ಎಂದದ್ದೇ ತಡ, ಮೇಜಿನ ಮೇಲಿದ್ದ ರೀಡನ್ನು ಎತ್ತಿ ಬಾಯಲ್ಲಿಟ್ಟುಕೊಂಡರು. ಬಾಯಲ್ಲಿ ರೀಡಿದ್ದವರು ಮಾತಾಡುವಂತಿಲ್ಲ. ನಾನು ಕಾದೆ. ಅವರು ನನ್ನನ್ನೇ ನೋಡುತ್ತಾ ಚೀಪುತ್ತಾ ಕೂತರು. ಚೆನ್ನಾಗಿ ನೆಂದ ಮೇಲೆ ಅದನ್ನು ವಾದ್ಯಕ್ಕೆ ಕಟ್ಟಿ ಕಪಾಟಿನೊಳಗೆ ಹೊಕ್ಕುಬಿಟ್ಟರು.

ಇಷ್ಟು ಚೊಕ್ಕವಾಗಿ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವವರನ್ನು ನಾನು ನನ್ನ ವೃತ್ತಿಯಲ್ಲೂ ಕಂಡಿಲ್ಲ.

ಸಂಚಿಕೆ ಸಕಾಲಕ್ಕೆ ಹೊರಬಂತು, ಸ್ಫೂರ್ತಿಯ ಜಾಗದಲ್ಲಿ ನಾನೇ ಎರಡು ಒಳ್ಳೆಯ ವಾಕ್ಯ ಬರೆದು ತುಂಬಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಗ್ರೆಗರಿಯವರು “ಭಾನುವಾರ ಕೋಪರಿಗೆ ಬನ್ನಿ, ಕಪಾಟಿನ ಹೊರಗೆ ಕೇಳಿ” ಎಂದು ಕರೆದಿದ್ದರು. ಹೋದೆ, ಹೋದವನು ಪ್ರತಿ ಭಾನುವಾರ ಹೋಗುವಂತಾದೆ. ಠಾಣೆ ಸ್ಟೇಷನ್ನಿನ ಪೂರ್ವಕ್ಕೆ, ಕೋಪರಿಯ ಒಂದು ನೆಲಮಹಡಿಯಲ್ಲಿ ನಳಿನಿ ಟೀಚರ ಮನೆ. ಹುಬ್ಬಳ್ಳಿಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಗುಮಾಸ್ತ ತಂದೆಯ ಕೈಹಿಡಿದು ಹೋಗುತ್ತಾ ಅಲ್ಲಿಯ ಪಿಯಾನೋಗೆ ಅಂಟಿಕೊಂಡವರು ಅವರು. ತಂದೆಗೆ ಕಲ್ಯಾಣಕ್ಕೆ ವರ್ಗವಾದ ಮೇಲೆ ಇಲ್ಲಿಯ ಶಾಲೆಯೊಂದರಲ್ಲಿ ನಿವೃತ್ತಿಯ ತನಕ ಸಂಗೀತ ಕಲಿಸಿದರು. ಅವರ ಹಾಲಿನಲ್ಲಿ ಪಿಯಾನೋ ಹಾಕಿದ ಮೇಲೆ ಉಳಿದ ಜಾಗದಲ್ಲಿ ನಾವು. ಡ್ರಮ್ಮಿಗೆ ಪ್ರಜ್ವಲ್ ಎಂಬವನು ಬದಲಾಪುರದಿಂದ ಬರುತ್ತಿದ್ದ. ವಾರವೆಲ್ಲ ಐರೋಲಿಯಲ್ಲಿ ಕಂಪ್ಯೂಟರಿನ ಮುಂದೆ ಇರುವವನು, ಅವನ ಅಪ್ಪನದು ಉಡುಪಿ ಹೋಟೆಲು. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಡ್ರಮ್ಮಿನ ಮೇಲೆ ಅವನು ತಂತಿಯ ಬ್ರಷ್ ಆಡಿಸಿದರೆ, ದೋಸೆಕಾವಲಿಯ ಮೇಲೆ ನೀರು ಚಿಮುಕಿಸಿ ಕಡ್ಡಿಪೊರಕೆ ಎಳೆದ ಹಾಗೆ ಚುಂಯ್ ಎನ್ನುತ್ತದೆ. ಇದನ್ನು ಅವನಿಗೆ ಹೇಳಿದಾಗ “ಅಂಕಲ್, ವಹೀ ಸೆ ತೋ ಸೀಖಾ” ಎಂದ. ಅಲ್ಲಿಂದಲೇ ಕಲಿತದ್ದಂತೆ.

ಭಾನುವಾರ ಹಳಿ ದುರಸ್ತಿಗೆಂದು ರೈಲು ತಡೆಯುವ ಮೆಗಾ ಬ್ಲಾಕ್ ಇದ್ದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುತ್ತಿದ್ದರು. ಯಾರು ಬಂದರೋ ಅವರು ಶುರುಮಾಡುತ್ತಿದ್ದರು, ಉಳಿದವರು ಬಂದು ಓಡುತ್ತಿರುವ ಲೋಕಲ್ ಹತ್ತಿದಂತೆ ಸೇರಿಕೊಳ್ಳುತ್ತಿದ್ದರು. ನನಗೆ ಅರ್ಥವಾದದ್ದು ಸ್ವಲ್ಪ. ಒಂದು ಹಾಡನ್ನು ಎಲ್ಲರೂ ಕೂಡಿ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರು ತಮಗೆ ತೋಚಿದ್ದನ್ನು ನುಡಿಸುತ್ತಾರೆ. ಕೊನೆಗೆ ಸರದಿಯ ಮೇಲೆ ನಾಲ್ಕು ನಾಲ್ಕು ಆವರ್ತ ಹಂಚಿಕೊಳ್ಳುತ್ತಾರೆ. ಟೀಚರು ನಾಲ್ಕು ಆವರ್ತದಲ್ಲಿ ಏನೋ ಕೇಳಿದರೆ ಗ್ರೆಗರಿಯವರು ನಾಲ್ಕರಲ್ಲಿ ಉತ್ತರ ಕೊಡುತ್ತಾರೆ, ನಡುವೆ ಪ್ರಜ್ವಲ್ ಬಾಯಿ ಹಾಕುತ್ತಾನೆ. ನನ್ನ ಸಂದರ್ಶನಕ್ಕಿಂತ ಅದು ಎಷ್ಟೋ ಲಕ್ಷಣವಾಗಿತ್ತು. ಬಾಯಲ್ಲಿ ರೀಡಿಟ್ಟುಕೊಂಡೇ ಆ ಮನುಷ್ಯ ಟೀಚರ ಒಂದು ಪ್ರಶ್ನೆಯನ್ನೂ ತಪ್ಪಿಸುತ್ತಿರಲಿಲ್ಲ.

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಗ್ರೆಗರಿಯವರ ಹಲ್ಲುನೋವು ಶುರುವಾಯಿತು. ಮೇಲಿನ ಮುಂದಿನ ಹಲ್ಲುಗಳು. ನಮಗಾದರೆ ಹಲ್ಲು ಊಟಕ್ಕೆ, ಹೆಚ್ಚೆಂದರೆ ಫೋಟೋಕ್ಕೆ. ಸ್ಯಾಕ್ಸೊಫೋನಿನವರಿಗೆ ಅದು ವಾದ್ಯದ ಒಂದು ಭಾಗ. ಮೇಲಿನ ಹಲ್ಲನ್ನು ವಾದ್ಯದ ಬಾಯಿಯ ಮೇಲೆ ಊರಿಯೇ ಊದಬೇಕು. ಅವರು ಲವಂಗದೆಣ್ಣೆ ಹಚ್ಚಿಕೊಂಡು ಊದುತ್ತಾ ಬಂದರು. ಟೀಚರ ಹಾಲಿನ ತುಂಬ ಬಿರಿಯಾನಿ ಮಾಡಿದಂಥ ಘಮ. ಕೊನೆಗೆ ಒಂದು ಭಾನುವಾರ ಕೆನ್ನೆ ಊದಿಕೊಂಡು ಬಂದಾಗ, ನಮ್ಮ ಕಟ್ಟಡದಲ್ಲೇ ದವಾಖಾನೆ ಇರುವ ದಂತವೈದ್ಯೆಯ ಹತ್ತಿರ ನಾನೇ ಕರೆದುಕೊಂಡು ಹೋದೆ. ಆಕೆ ಬೆಂಗಳೂರಿನವರು, ಮಾತು ಮೆತ್ತಗೆ, ತೀರ್ಪು ಕಠಿಣ.

“ವಸಡೆಲ್ಲ ಹೋಗಿದೆ ಸರ್. ಮುಂದಿನ ಎರಡು ತೆಗೀಲೇಬೇಕು. ಬಿಟ್ರೆ ಪಕ್ಕದ್ದಕ್ಕೂ ಹರಡತ್ತೆ,” ಎಂದರು ಆಕೆ.

“ಕಟ್ಟಿಸಿಕೊಂಡ ಹಲ್ಲಲ್ಲಿ ಊದ್ಲಿಕ್ಕೆ ಆಗ್ತದಾ ಡಾಕ್ಟ್ರೆ?”

“ಊಟ ಆರಾಮಾಗಿ ಮಾಡಬಹುದು.”

“ಊಟ ಅಲ್ಲ ನಾನು ಕೇಳಿದ್ದು.”

ಆಕೆಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದರು. ಗ್ರೆಗರಿಯವರು ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತು, ನಾನು ಕೇಳದೆಯೇ ಮೊದಲ ಸಲ ಒಂದು ಸಂಗತಿ ಹೇಳಿದರು. “ನೀವೆಲ್ಲ ನನ್ನ ಸ್ವರ ಕಿವಿಯಲ್ಲಿ ಕೇಳುದು. ನಾನು ಹಲ್ಲಲ್ಲಿ ಕೇಳುದು ಸಾರ್. ಹಲ್ಲಿನಿಂದ ಸೀದ ತಲೆಬುರುಡೆಯ ಒಳಗೆ ಹೋಗ್ತದೆ. ಈ ಹಲ್ಲು ಹೋದ್ರೆ ನಾನು ಹೊರಗೆ ನಿಂತ ಹಾಗೆ.” ಆಮೇಲೆ ಅಂಗಿಯ ಜೇಬಿನಿಂದ ರೀಡು ತೆಗೆದು ಬಾಯಲ್ಲಿಟ್ಟುಕೊಂಡರು. ಆವತ್ತು ವಾದ್ಯ ತಂದೇ ಇರಲಿಲ್ಲ. ಒಳಗಿಂದ ಹೆಸರು ಕೂಗಿದಾಗ ಅವರು ರೀಡನ್ನು ತೆಗೆದು ನನ್ನ ಅಂಗೈಗೆ ಹಾಕಿ, “ಹಿಡ್ಕೊಳ್ಳಿ, ಈಗ ಬಂದೆ” ಎಂದು ಎದ್ದರು.

ಅವರು ಬಾಯಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದಾಗ ಮಾತಾಡುವ ಸ್ಥಿತಿ ಇರಲಿಲ್ಲ. ನಾನು ರಿಕ್ಷಾ ಹುಡುಕುವ ಗಡಿಬಿಡಿಯಲ್ಲಿ ರೀಡನ್ನು ಕನ್ನಡಕದ ಪೆಟ್ಟಿಗೆಗೆ ಹಾಕಿಕೊಂಡೆ. ಮರುದಿನ ಕೊಡೋಣವೆಂದಿದ್ದೆ. ಆಮೇಲೆ ನನಗೆ ಒಂದು ವಿಚಿತ್ರ ಯೋಚನೆ ಬಂತು. ನಾನಾಗಿ ಕೊಟ್ಟರೆ “ಯಾಕೆ ಊದುತ್ತಿಲ್ಲ?” ಎಂದು ಕೇಳಿದ ಹಾಗಾಗುತ್ತದೆ. ಅವರೇ ಕೇಳಿದರೆ ಊದಲು ಹೊರಟಿದ್ದಾರೆಂದು ಅರ್ಥ. ಆದ್ದರಿಂದ ಅವರು ಕೇಳುವ ತನಕ ಕಾಯುವುದೆಂದು ಸುಮ್ಮನಾದೆ. ಮಳೆಗಾಲ ಮುಗಿಯಿತು, ಗಣಪತಿಯನ್ನು ಬಿಟ್ಟೆವು, ದೀಪಾವಳಿಯೂ ಆಯಿತು. ಅವರು ಕೇಳಲಿಲ್ಲ.

ಹಾಗೆಂದು ಕೋಪರಿಗೆ ಬರುವುದನ್ನು ಬಿಟ್ಟವರಲ್ಲ. ಹೊಸ ಹಲ್ಲು ಕಟ್ಟಿಸಿಕೊಂಡು, ಬರಿಗೈಯಲ್ಲಿ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ವಾದ್ಯ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ಹಾಗೆ ಕೂತ ಮೊದಲನೆಯ ಭಾನುವಾರವೇ ನಾನು ಎಡವಟ್ಟು ಮಾಡಿದೆ. ಟೀಚರು, ಪ್ರಜ್ವಲ್ ಇಬ್ಬರೇ ನುಡಿಸುತ್ತಿದ್ದರು. ಸರದಿಯ ಮೇಲೆ ಆವರ್ತ ಹಂಚಿಕೊಳ್ಳುವ ಘಟ್ಟ ಬಂತು. ಟೀಚರು ತಮ್ಮ ನಾಲ್ಕು ಮುಗಿಸಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಪ್ರಜ್ವಲನೂ ಬ್ರಷ್ ಎತ್ತಿ ಹಿಡಿದ. ಸದ್ದೇ ಇಲ್ಲ. ಓಹೋ, ಮುಗಿಯಿತು ಎಂದು ನಾನು ಉದಾರವಾಗಿ ಚಪ್ಪಾಳೆ ತಟ್ಟಿದೆ.

“ಅಂಕಲ್, ಖತಮ್ ನಹೀ ಹುವಾ,” ಎಂದು ಪ್ರಜ್ವಲ್ ಪಿಸುಗುಟ್ಟಿದ. ಇನ್ನೂ ಮುಗಿದಿಲ್ಲವಂತೆ. ಅಷ್ಟರಲ್ಲಿ ಮತ್ತೆ ಶುರುವಾಯಿತು. ಇನ್ನೊಂದು ಸುತ್ತು ಬಂದಾಗ ಅದೇ ಜಾಗದಲ್ಲಿ ಅದೇ ಮೌನ. ಮುಗಿದ ಮೇಲೆ ಟೀಚರು ಚಹಾದ ಬಟ್ಟಲು ಕೊಡುತ್ತಾ, “ಅಲ್ರೀ, ಅದು ಗ್ರೆಗರಿಯವರ ಜಾಗಾ. ಅವರು ಊದೂ ತನಕ ಅದು ಹಂಗ ಖಾಲೀನ ಇರ್ತದ. ನೀವು ಅದರಾಗ ಚಪ್ಪಾಳಿ ಹೊಡೀಬ್ಯಾಡ್ರಿ,” ಎಂದರು. ಗ್ರೆಗರಿಯವರು ಕಿಟಕಿಯಾಚೆ ನೋಡುತ್ತಿದ್ದರು.

ವಾರ ವಾರ ಇದೇ ನಡೆಯಿತು. ನಾಲ್ಕು ಆವರ್ತವೆಂದರೆ ಎಷ್ಟು ಹೊತ್ತು, ಒಂದು ಲೋಟ ನೀರು ಕುಡಿಯುವಷ್ಟು. ಆದರೆ ಹೊರಗಿನ ರಿಕ್ಷಾ ಹಾರ್ನು, ಸ್ಟೇಷನ್ನಿನ ಘೋಷಣೆ, ಮೇಲಿನ ಮನೆಯ ಕುಕ್ಕರಿನ ಸೀಟಿ ಎಲ್ಲವೂ ಆ ಹೊತ್ತಿಗೇ ಕಾದಿದ್ದಂತೆ ಒಳಗೆ ನುಗ್ಗುತ್ತಿದ್ದವು. ಅದು ದಯೆಯೋ ಹಟವೋ ನನಗೆ ತಿಳಿಯುತ್ತಿರಲಿಲ್ಲ. ಹಲ್ಲಿಲ್ಲದವರ ಮುಂದೆ ತಟ್ಟೆ ಹಾಕಿ ಬಡಿಸದೆ ಬಿಟ್ಟ ಹಾಗೆ ಎನಿಸಿ ನನಗೆ ಟೀಚರ ಮೇಲೆ ಸಿಟ್ಟೂ ಬಂದದ್ದುಂಟು. ಒಮ್ಮೆ ಧೈರ್ಯ ಮಾಡಿ, “ಆ ಜಾಗಾನ ಪ್ರಜ್ವಲ್‌ಗಾದ್ರೂ ಕೊಡಬಹುದಲ್ಲ ಟೀಚರ್, ಅವರಿಗೆ ನೋವಾಗಲ್ವಾ?” ಎಂದೆ. ಅವರು ಪಿಯಾನೋ ಮುಚ್ಚುತ್ತಾ, “ಕೊಟ್ರ ನೋವಾಗ್ತದ,” ಎಂದಷ್ಟೇ ಹೇಳಿ ಒಳಗೆ ಹೋದರು.

ಇಷ್ಟೆಲ್ಲ ಇವತ್ತು ಬೆಳಿಗ್ಗೆ ಕಪಾಟಿನ ಮುಂದೆ ನಿಂತಲ್ಲೇ ನೆನಪಾಗಿ, ನಾನು ಇಷ್ಟು ದಿನ ಕಾದದ್ದು ಮೂರ್ಖತನವೆಂದು ಅನಿಸಿತು. ಕೇಳಲಿ ಎಂದು ನಾನು, ಕೊಡಲಿ ಎಂದು ಅವರು ಕಾದಿದ್ದರೆ? ಹೆಂಡತಿಗೆ “ಎಸೀಬೇಡ, ಇದು ಒಬ್ಬರದ್ದು” ಎಂದು ಹೇಳಿ, ರೀಡನ್ನು ಜೇಬಿಗೆ ಹಾಕಿಕೊಂಡು, ಮಧ್ಯಾಹ್ನದ ಊಟ ಮುಗಿಸಿ ಠಾಣೆಯ ಲೋಕಲ್ ಹತ್ತಿದೆ. ಭಾನುವಾರದ ಮೆಗಾ ಬ್ಲಾಕ್ ಇತ್ತು. ಕೋಪರಿ ತಲುಪುವಾಗ ಎಲ್ಲರೂ ಬಂದಾಗಿತ್ತು. ಕಿಟಕಿಯ ಪಕ್ಕದ ಕುರ್ಚಿಯ ಕೆಳಗೆ ವಾದ್ಯದ ಕಪ್ಪು ಪೆಟ್ಟಿಗೆ ಕಂಡಿತು.

ನಾನು ಅದನ್ನು ನೋಡದವನಂತೆ ಜೇಬಿನಿಂದ ರೀಡು ತೆಗೆದು ಗ್ರೆಗರಿಯವರ ಮುಂದೆ ಹಿಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ನನಗೇ ವಾಪಸು ಕೊಟ್ಟರು. “ಇದು ನನ್ನ ಹಳೆ ಹಲ್ಲಿನ ರೀಡು ಸಾರ್. ಗಟ್ಟಿ. ಈಗ ಇದನ್ನು ಅಲುಗಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀವೇ ಇಟ್ಕೊಳ್ಳಿ.” ಅಂಗಿಯ ಜೇಬಿನಿಂದ ಇನ್ನೊಂದು ತೆಗೆದು ತೋರಿಸಿದರು. ಕಲಿಯಲು ಶುರುಮಾಡುವವರಿಗೆ ಕೊಡುವ ಮೆತ್ತನೆಯ ರೀಡಂತೆ. ಹೊಸ ವರ್ಷದಿಂದ ಕಪಾಟಿನೊಳಗೆ ಒಂದೊಂದೇ ಸ್ವರ ಉದ್ದಕ್ಕೆ ಎಳೆಯುತ್ತಿದ್ದಾರಂತೆ, ಇಗರ್ಜಿಯ ಬ್ಯಾಂಡಿನಲ್ಲಿ ಮೊದಲ ದಿನ ಎಳೆದ ಹಾಗೆ. “ಪಕ್ಕದ ಮನೆಯವ ಮೊನ್ನೆ ಕೇಳಿದ, ಹೊಸಬರು ಯಾರಾದ್ರೂ ಕಲೀಲಿಕ್ಕೆ ಬರ್ತಾರಾ ಅಂತ. ಹೌದು ಅಂದೆ.”

ಹಳೆಯ ಕಸುಬು ನನ್ನನ್ನು ಬಿಡಲಿಲ್ಲ. “ಮತ್ತೆ ಶುರುಮಾಡೋಕೆ ಏನು ಸ್ಫೂರ್ತಿ?” ಎಂದೆ. ಅವರ ಕೈಯಲ್ಲಿ ರೀಡಿತ್ತು. ಬಾಯಿಗೆ ಹೋಗುತ್ತದೆಂದು ನೋಡುತ್ತಿದ್ದೆ. ಹೋಗಲಿಲ್ಲ.

“ಎಂತ ಸ್ಫೂರ್ತಿ ಮಾರಾಯ್ರೆ! ಈ ಹೆಂಗಸು ನನ್ನ ನಾಲ್ಕು ಆವರ್ತ ಯಾರಿಗೂ ಕೊಡ್ಲಿಲ್ಲ. ವಾರ ವಾರ ಖಾಲಿ ಬಿಟ್ಟು ಕೂತುಕೊಳ್ತಾರೆ. ಎಷ್ಟು ದಿನ ಅಂತ ನಾಚಿಕೆ ಇಲ್ಲದೆ ನೋಡುದು?” ಎಂದು ನಳಿನಿ ಟೀಚರ ಕಡೆ ಗದ್ದ ಎತ್ತಿ ತೋರಿಸಿದರು. “ಮೊದಲೂ ಹಾಗೇ. ಹೋಟೆಲಿರ್ಲಿ, ಕುದುರೆ ಹಿಂದೆ ಇರ್ಲಿ, ನನ್ನ ಜಾಗ ಬಂತು ಅಂತ ಊದಿದ್ದು. ಬೇರೆ ಎಂತ ಕಾರಣ ಹೇಳ್ಬೇಕು ಅಂತ ನನಗೆ ಗೊತ್ತಾಗ್ತಿರ್ಲಿಲ್ಲ.” ಆಮೇಲೆ ರೀಡನ್ನು ಬಾಯಲ್ಲಿಟ್ಟುಕೊಂಡರು.

ಟೀಚರು ಏನೂ ಆಗಿಲ್ಲವೆಂಬಂತೆ ಶುರುಮಾಡಿದರು. ನನಗೆ ಹಾಡು ತಲೆಗೆ ಹೋಗಲಿಲ್ಲ. ಆ ಘಟ್ಟ ಬಂತು. ಟೀಚರು ತಮ್ಮ ನಾಲ್ಕು ಮುಗಿಸಿ ಕೈಯನ್ನು ಮಡಿಲಿಗೆ ತಂದರು, ಪ್ರಜ್ವಲ್ ಬ್ರಷ್ ಎತ್ತಿದ, ಮೇಲಿನ ಮನೆಯಲ್ಲಿ ಯಾರೋ ನೀರು ಹಿಡಿಯುವ ಸದ್ದು ಕೇಳಿಸಿತು. ಗ್ರೆಗರಿಯವರು ಊದಿದರು. ಹೆಚ್ಚೇನೂ ಅಲ್ಲ. ಮೂರೋ ನಾಲ್ಕೋ ಸ್ವರ. ಮೊದಲನೆಯದು ಬರೀ ಉಸಿರು, ಎರಡನೆಯದು ಒಡೆದುಹೋಯಿತು, ಆಮೇಲಿನದು ನಿಂತಿತು. ಕಪ್ಪು ಕೋಟಿನ ಕಾಲದ ಸ್ವರ ಅದಾಗಿರಲಿಲ್ಲ, ಪಕ್ಕದ ಮನೆಯವನು ಕೇಳಿದ ಹೊಸಬರದ್ದೇ ಆಗಿತ್ತು. ಟೀಚರು ಅದನ್ನೇ ಎತ್ತಿಕೊಂಡು ಉತ್ತರ ಕೊಟ್ಟರು, ಹೀಗೆ ಹಾಡು ಕೊನೆಯ ತನಕ ಸಾಗಿ ಮುಗಿಯಿತು. ನನ್ನ ಕೈಯಲ್ಲಿ ಆ ಹಳೆಯ ರೀಡು ಹಾಗೇ ಇತ್ತು.

ಗ್ರೆಗರಿಯವರು ವಾದ್ಯದಿಂದ ಬಾಯಿ ತೆಗೆದು, ಹೊಸ ಹಲ್ಲನ್ನು ನಾಲಗೆಯಿಂದ ಒಮ್ಮೆ ಒತ್ತಿ ಸರಿಮಾಡಿಕೊಂಡು, ನನ್ನ ಕಡೆ ತಿರುಗಿದರು.

“ಎಂತ ಸಾರ್, ಖಾಲಿ ಇದ್ದಾಗ ಚಪ್ಪಾಳೆ ಹೊಡೀತೀರಿ, ಊದಿದ್ರೆ ಹೊಡೆಯುದಿಲ್ವಾ?”